ಅಲುಗಾಡುವ ಅಲಗು

"ಕೇಳಿರಿ, ಕೇಳಿರಿ! ದೀವಿಗೆಪುರಕ್ಕೆ ವಿದ್ಯುತ್ ಕೊಡುವ ಆವಿಚಕ್ರದ ಅಲಗು ಮುರಿದು ಊರೆಲ್ಲ ಕತ್ತಲಾಗಿದೆ. ಅಲಗು ಕೂರಿಸಿದ ಹಾಲಪ್ಪನಿಗೆ ಅಮಾವಾಸ್ಯೆಗೆ ನೇಣು. ರಾಜಕುಮಾರಿ ಮೈಳಲೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವರಿಗೂ ನೇಣೇ!"

ಡಂಗುರ ಕೇಳಿ ಹಾಲಪ್ಪನ ಮಗ ಕೊಟ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದ. ಉಳಿದ ಅಲಗುಗಳನ್ನು ರಾಜ ಕೈಯಿಂದ ಅಲ್ಲಾಡಿಸಿ ನೋಡಿದ್ದನಂತೆ. ಅವು ಮಗುವಿನ ಹಾಲುಹಲ್ಲಿನಂತೆ ಅಲುಗಾಡಿದವಂತೆ. ಅಪ್ಪನ ಅಪರಾಧ ಅಷ್ಟೇ. ಕೊಟ್ರ ಅರಮನೆಗೆ ನಡೆದ.

ಅಲ್ಲಾಗಲೇ ರಾಜಕುಮಾರರ ಸಾಲು. ಯಾವ ದೇಶಕ್ಕೆ ಹೋಗಿ ನೋಡಿ, ಈ ಜಾತಿಯೇ ಹೀಗೆ: ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಸಿದ್ಧ.

ಮೈಳಲೆ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದಳು: "ನಿಂತಾಗ ಸಡಿಲ, ಓಡುವಾಗ ಬಿಗಿ. ಏನದು?"

"ನನ್ನ ಪೇಟ!" ಅಂದ ಮೊದಲನೆಯವ. ಭಟರು ಅವನನ್ನು ಎಳೆದೊಯ್ದರು.

ಎರಡನೆಯವನಿಗೆ ಬೇರೆ ಒಗಟು: "ಒಂದೇ ಅಪ್ಪುಗೆಯಲ್ಲಿ ಅಂಟಿಕೊಂಡೂ ಇರುತ್ತದೆ, ಜಾರುತ್ತಲೂ ಇರುತ್ತದೆ. ಏನದು?"

"ಸಂಸಾರ!"

"ಸುಳ್ಳಲ್ಲ. ಆದರೆ ಉತ್ತರ ಅದಲ್ಲ," ಎಂದಳು ಮೈಳಲೆ. ಅವನೂ ಹೋದ. ಸಾಲು ತಾನಾಗಿ ಕರಗಿತು.

ಕೊಟ್ರ ಮುಂದೆ ಬಂದ. "ತಾಯೀ, ಎರಡಕ್ಕೂ ಉತ್ತರ ಅಲಗಿನ ಬುಡ. ಚಕ್ರದ ಕಚ್ಚಿನಲ್ಲಿ ಅದು ಸಡಿಲವಾಗಿಯೇ ಕೂತಿರಬೇಕು. ಚಕ್ರ ತಿರುಗಿದಾಗ ಹೊರಕ್ಕೆ ಸೆಳೆತ ಬಿದ್ದು ಬಿಗಿಯುತ್ತದೆ. ಆಗ ಎರಡೂ ತಾಗುವ ಕಡೆ ನಡುವೆ ಅಂಟು, ಅಂಚಿನಲ್ಲಿ ಕೂದಲೆಳೆಯಷ್ಟು ಜಾರು. ಆ ಉಜ್ಜಾಟದ ಕೆಂಪು ತುಕ್ಕುಪುಡಿಯನ್ನು ಅಪ್ಪನ ಅಂಗಿಯಿಂದ ಎಷ್ಟು ಸಲ ಒಗೆದಿದ್ದೇನೋ!"

ಮೈಳಲೆಯ ದನಿ ತಗ್ಗಿತು. "ಮೂರನೆಯದು ನನಗೂ ಗೊತ್ತಿಲ್ಲ ಕಣಪ್ಪ. ಆ ಅಂಚಿನ ಒತ್ತಡವನ್ನು ಈ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಅಲಗಿನ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದಷ್ಟೂ ಒತ್ತಡದ ಅಂಕಿ ಏರುತ್ತಲೇ ಹೋಗುತ್ತದೆ. ಎಲ್ಲಿ ನಿಲ್ಲುತ್ತದೆ?"

ಕೊಟ್ರ ಪರದೆಯನ್ನು ದಿಟ್ಟಿಸಿದ. ಚಿತ್ರದ ಅಂಚಿನ ಮೇಲೆ ಬೆರಳಿಟ್ಟ. "ಇದೆಂಥಾ ಅಂಚು, ಬೆರಳು ಕೊಯ್ಯುತ್ತಲ್ಲ! ಅಪ್ಪ ಕೊನೆಗೆ ಅರದಿಂದ ಉಜ್ಜಿ ಅಂಚು ಗುಂಡಗೆ ಮಾಡುತ್ತಾನೆ. ಚಿತ್ರದಲ್ಲೂ ಹಾಗೆ ಬರೆಯಿರಿ, ನಿಲ್ಲುತ್ತದೆ."

ಬರೆದಳು. ಅಂಕಿ ಏರಿತು, ಏರಿತು, ನಿಂತಿತು.

ಮುರಿದ ಅಲಗು ತರಿಸಿದರು. ಅದರ ಅಂಚು ಚೂರಿಯಂತಿತ್ತು. ರಾಜ ಬಂದು ನೋಡಿ ತಲೆ ತಗ್ಗಿಸಿದ. "ಹಬ್ಬಕ್ಕೆ ಬೇಗ ದೀಪ ಬೇಕೆಂದು ಹಾಲಪ್ಪನ ಕೈಯಿಂದ ಅರ ಕಿತ್ತುಕೊಂಡವನು ನಾನೇ. ಏನು ಬೇಕು, ಕೇಳು ಮಗು."

"ನನ್ನಪ್ಪ," ಅಂದ ಕೊಟ್ರ. "ಪಾಪ, ಆ ಪೇಟದವರನ್ನೂ ಬಿಟ್ಟುಬಿಡಿ."

ಬಿಡುಗಡೆಯಾದ ಹಾಲಪ್ಪ ಯಾರ ಅವಸರಕ್ಕೂ ಕಿವಿಗೊಡದೆ ಹೊಸ ಅಲಗಿನ ಅಂಚು ಉಜ್ಜಿದ, ಕೂರಿಸಿದ. ರಾಜ ಹಿಂಜರಿಯುತ್ತ ಅದನ್ನು ಮುಟ್ಟಿ ಅಲ್ಲಾಡಿಸಿದ. ಅಲುಗಾಡಿತು.

"ಸರಿಯಾಗಿದೆ," ಅಂದ ರಾಜ. "ಆವಿ ಬಿಡಿ."