ಬೂದಿ ಕೋಳಿಯ ಗೂಡಲ್ಲಿ ಬಲ್ಬು ಯಾಕೆ ಉರೀಲಿಲ್ಲ

ಕೇಳ್ರೋ ಮಕ್ಕಳೇ. ಮಧ್ಯೆ ಮಾತಾಡಿದ್ರೆ ನಾನು ಹೇಳಲ್ಲ, ನೋಡಿ ಮತ್ತೆ!

ಬೋರಮ್ಮಜ್ಜಿ ಹಿತ್ತಿಲಲ್ಲಿ ಒಂದು ಕೋಳಿಗೂಡು. ಗೂಡಿನ ಮೇಲೆ ಸೋಲಾರ್ ಪ್ಲೇಟು. ಗೂಡಿನ ಒಳಗೆ ಬ್ಯಾಟರಿ, ಬಲ್ಬು. ಹಗಲು ಬಿಸಿಲು ಬಿದ್ರೆ ಸಂಜೆ ಬೆಳಕು. ಬೆಳಕಿದ್ರೆ ಕಾಡುಬೆಕ್ಕು ಬರಲ್ಲ.

ಆ ಗೂಡಲ್ಲಿ ಬೂದಿ ಅಂತ ಒಂದು ಕೋಳಿ. ಬೂದಿಗೆ ನಾಲ್ಕು ಮರಿ.

ಒಂದು ಸಂಜೆ ಬಲ್ಬು ಉರೀಲಿಲ್ಲ. ಕತ್ತಲೆ ಕವಿದುಕೊಳ್ತು. ಕಾಡುಬೆಕ್ಕು ಬಂತು. ಒಂದು ಮರಿ ಹೋಯ್ತು.

ಬೆಳಗ್ಗೆ ಬೂದಿ ಕಾಳು ಮುಟ್ಟಲಿಲ್ಲ. "ಇವತ್ತೂ ಬರ್ತದೆ ಆ ಬೆಕ್ಕು. ಉಳಿದ ಮೂರಾದ್ರೂ ಉಳೀಬೇಕು" ಅಂತ ಬಲ್ಬಿನ ಹತ್ರ ಹೋಯ್ತು.

"ಬಲ್ಬಣ್ಣ, ಬಲ್ಬಣ್ಣ, ಯಾಕೆ ಉರೀಲಿಲ್ಲ? ನನ್ನ ಮರಿಗೆ ಬೆಳಕಿಲ್ಲ."

"ಬ್ಯಾಟರಿ ಕೊಟ್ರೆ ತಾನೇ ಉರಿಯೋದು? ಅದನ್ನ ಕೇಳು ಹೋಗು."

ಬೂದಿ ಬ್ಯಾಟರಿ ಹತ್ರ ಹೋಯ್ತು.

"ಬ್ಯಾಟರಿ ಮಾವ, ಬ್ಯಾಟರಿ ಮಾವ, ಯಾಕೆ ತುಂಬಲಿಲ್ಲ? ನೀನು ತುಂಬಲ್ಲ, ಬಲ್ಬು ಉರಿಯಲ್ಲ, ನನ್ನ ಮರಿಗೆ ಬೆಳಕಿಲ್ಲ."

"ನನ್ನ ಹೊಟ್ಟೆನೇ ಖಾಲಿ ಕಣವ್ವ. ಪ್ಲೇಟು ಏನೂ ಕಳಿಸಿಲ್ಲ. ಅವಳನ್ನ ಕೇಳು ಹೋಗು."

ಬೂದಿ ಗೂಡಿನ ಮೇಲೆ ಹಾರ್ತು.

"ಪ್ಲೇಟಕ್ಕ, ಪ್ಲೇಟಕ್ಕ, ಯಾಕೆ ಬಿಸಿಲು ಕಾಯಲ್ಲ? ನೀನು ಕಾಯಲ್ಲ, ಬ್ಯಾಟರಿ ತುಂಬಲ್ಲ, ಬಲ್ಬು ಉರಿಯಲ್ಲ, ನನ್ನ ಮರಿಗೆ ಬೆಳಕಿಲ್ಲ."

"ಕಣ್ಣು ಕಾಣಲ್ವೇನೇ? ಮೈ ತುಂಬ ಸಂಡಿಗೆ! ಬಿಸಿಲು ಎಲ್ಲಿ ಬೀಳ್ಬೇಕು? ಸಂಡಿಗೇನ ಕೇಳು."

"ಸಂಡಿಗೆ ತಂಗಿ, ಸಂಡಿಗೆ ತಂಗಿ, ಯಾಕೆ ಏಳಲ್ಲ? ನೀನು ಏಳಲ್ಲ, ಪ್ಲೇಟು ಕಾಯಲ್ಲ, ಬ್ಯಾಟರಿ ತುಂಬಲ್ಲ, ಬಲ್ಬು ಉರಿಯಲ್ಲ, ನನ್ನ ಮರಿಗೆ ಬೆಳಕಿಲ್ಲ."

"ನಾನಾಗಿ ಹತ್ತಿ ಬಂದ್ನಾ? ಬೋರಮ್ಮಜ್ಜಿ ಹಳೇ ಸೀರೆ ಹಾಸಿ ಇಟ್ಟವ್ಳೆ. ಅಜ್ಜೀನ ಕೇಳು ಹೋಗು."

ಅಷ್ಟು ಹೊತ್ತಿಗೆ ಮಧ್ಯಾಹ್ನ. ಬೂದಿ ಕಾಲೆಳಕೊಂಡು ಅಜ್ಜಿ ಹತ್ರ ಹೋಯ್ತು.

"ಅಜ್ಜೀ, ಅಜ್ಜೀ, ಯಾಕೆ ಸಂಡಿಗೆ ತೆಗೆಯಲ್ಲ? ನೀನು ತೆಗೆಯಲ್ಲ, ಸಂಡಿಗೆ ಏಳಲ್ಲ, ಪ್ಲೇಟು ಕಾಯಲ್ಲ, ಬ್ಯಾಟರಿ ತುಂಬಲ್ಲ, ಬಲ್ಬು ಉರಿಯಲ್ಲ, ನನ್ನ ಮರಿಗೆ ಬೆಳಕಿಲ್ಲ."

ಅಜ್ಜಿಗೆ ಸಿಟ್ಟು ಬಂತು. "ಮತ್ತೆಲ್ಲಿ ಒಣಗಿಸ್ಲಿ? ಮೊದಲು ಅಂಗಳದಲ್ಲೇ ಹಾಕ್ತಿದ್ದೆ. ಕೆದಕಿ ಕೆದಕಿ ತಿಂದದ್ದು ಯಾರು? ಹೇಳೇ, ಯಾರು?"

ತಿಂದದ್ದು ಬೂದೀನೇ.

"ಇನ್ನು ತಿನ್ನಲ್ಲ ಅಜ್ಜೀ. ಒಂದು ಮರಿ ಹೋಯ್ತು ಅಜ್ಜೀ."

"ಅಯ್ಯೋ! ಯಾವುದೇ?"

"ಕುಂಟ್ಕೊಂಡು ಹಿಂದೆ ಹಿಂದೆ ಬರ್ತಿತ್ತಲ್ಲ, ಅದು."

ಅಜ್ಜಿ ಸೆರಗಲ್ಲಿ ಕಣ್ಣೊರೆಸ್ಕೊಂಡ್ಳು. "ಪ್ಲೇಟು ಚೆನ್ನಾಗಿ ಕಾದಿರ್ತದೆ, ಬೇಗ ಒಣಗ್ತದೆ ಅಂತ ಹಾಕ್ದೆ. ಬೆಳಕೇ ಹೋಗ್ತದೆ ಅಂತ ಗೊತ್ತಾಗ್ಲಿಲ್ಲ ಕಣೇ."

ಅಜ್ಜಿ ಎದ್ಳು. ಅಜ್ಜಿ ಸಂಡಿಗೆ ತೆಗೆದ್ಳು, ಸಂಡಿಗೆ ಅಂಗಳಕ್ಕೆ ಬಂತು, ಪ್ಲೇಟು ಬಿಸಿಲು ಕಾಯ್ತು, ಬ್ಯಾಟರಿ ತುಂಬ್ತು. ಪೂರ್ತಿ ಅಲ್ಲ, ಅರ್ಧ. ಉಳಿದಿದ್ದೇ ಅರ್ಧ ಹಗಲು. ಸಂಜೆ ಬಲ್ಬು ಉರೀತು. ಮಂಕಾಗಿ ಉರೀತು, ಆದ್ರೂ ಉರೀತು.

ಕಾಡುಬೆಕ್ಕು ಬಂತು. ಬೆಳಕು ನೋಡ್ತು. ಬಂದ ದಾರೀಲೇ ಹೋಯ್ತು.

ಬೂದಿ ರೆಕ್ಕೆ ಬಿಚ್ತು. ಒಂದು ಮರಿ ಬಂತು. ಎರಡು ಬಂತು. ಮೂರು ಬಂತು. ಬೂದಿ ರೆಕ್ಕೆ ಮುಚ್ಚಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ಬಿಚ್ಕೊಂಡು ಕೂತಿತ್ತು.

ಆಮೇಲೆ ಮುಚ್ತು.