ಕೆನಡಾದ ಮಗಳು

“ಗುರುಗಳೇ, ಅಮೆರಿಕದವರೊಬ್ಬರು ಬಂದು ಪಾಠಕ್ಕೆ ಸೇರಿಸಿಕೊಳ್ಳಿ ಎಂದು ಕೇಳುತ್ತಿದ್ದಾರೆ. ಆ ದೇಶದವರು ಸೊಕ್ಕಿನವರು, ನಂಬಿಕೆಗೆ ತಕ್ಕವರಲ್ಲ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳುವ ಮಾತು ಸುಳ್ಳಾದೀತೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಅಮೆರಿಕದ ಹೆಂಗಸೊಬ್ಬಳು ನೇಯ್ಗೆ ಕಲಿಯಲು ನಮ್ಮ ಕಡೆಯ ಒಂದು ಊರಿಗೆ ಬಂದಳು. ತನ್ನ ದೇಶದ ಹೆಸರು ಹೇಳಿದಲ್ಲೆಲ್ಲ ಕೋಣೆ ಇಲ್ಲವೆಂಬ ಉತ್ತರ ಬಂತು. ಕೊನೆಗೆ ಊಟದ ಮನೆ ನಡೆಸುತ್ತಿದ್ದ ಒಬ್ಬ ವಿಧವೆಯ ಬಾಗಿಲಿಗೆ ಹೋದಳು.

“ಅಮೆರಿಕದವಳೇನಮ್ಮ? ಹಾಗಿದ್ದರೆ ಮುಂದಕ್ಕೆ ಹೋಗು. ಆ ಜನ ಎದುರಿಗಿದ್ದವರನ್ನು ಮನುಷ್ಯರೆಂದು ಎಣಿಸುವುದಿಲ್ಲ” ಎಂದಳು ವಿಧವೆ.

ಹೆಂಗಸಿಗೆ ಅಲೆದು ಅಲೆದು ಸಾಕಾಗಿತ್ತು. “ಅಲ್ಲ, ನಾನು ಕೆನಡಾದವಳು” ಎಂದುಬಿಟ್ಟಳು. ಹಿತ್ತಲ ಕೋಣೆ ಸಿಕ್ಕಿತು.

ವಿಧವೆ ಕೆಟ್ಟವಳಲ್ಲ. ಒತ್ತಾಯ ಮಾಡಿ ಬಡಿಸುತ್ತಿದ್ದಳು. ಬಡಿಸುತ್ತಲೇ ಅಮೆರಿಕದವರನ್ನು ಬಯ್ಯುತ್ತಿದ್ದಳು. ಹೆಂಗಸು ತಲೆ ತಗ್ಗಿಸಿ ಉಣ್ಣುತ್ತಿದ್ದಳು.

ಒಮ್ಮೆ ವಿಧವೆಗೆ ವಿಷಮಜ್ವರ ಬಂತು. ನೆಂಟರು ಹೊಸ್ತಿಲ ಹೊರಗೇ ನಿಂತು ವಿಚಾರಿಸಿ ಹೋದರು. ಹೆಂಗಸು ಮಗ್ಗ ಬಿಟ್ಟು ಹಾಸಿಗೆಯ ಪಕ್ಕ ಕೂತಳು. ಗಂಜಿ ಕುಡಿಸಿದಳು, ಮೈ ಒರೆಸಿದಳು, ಹೇಸದೆ ಮಲಮೂತ್ರ ಬಳಿದಳು. ವಿಧವೆ ಬದುಕಿಕೊಂಡಳು. ಎದ್ದು ಕೂತ ದಿನ ಅವಳ ಕೈ ಹಿಡಿದು, “ನನಗೆ ಹೆಣ್ಣುಮಕ್ಕಳಿಲ್ಲ. ಇನ್ನು ಮೇಲೆ ನೀನೇ ನನ್ನ ಮಗಳು” ಎಂದಳು.

ಮಗಳು ಎನಿಸಿಕೊಂಡ ಮೇಲೆ ಸುಳ್ಳು ಹೇಳಿಕೊಂಡಿರಲು ಅವಳಿಗೆ ಮನಸ್ಸು ಬರಲಿಲ್ಲ. “ಅಮ್ಮ, ನಾನು ಅಮೆರಿಕದವಳು” ಎಂದಳು.

ವಿಧವೆ ಹಿಡಿದ ಕೈ ಬಿಟ್ಟಳು. “ನನ್ನ ಮನೆಯ ಅನ್ನ ಉಂಡು ನನಗೇ ಸುಳ್ಳು ಹೇಳಿದೆ. ಆ ಜನ ಹೀಗೇ ಎಂದು ನನಗೆ ಗೊತ್ತಿತ್ತು.”

ಸಂಜೆಯೊಳಗೆ ಹೆಂಗಸಿನ ಗಂಟು ಬೀದಿಗೆ ಬಿತ್ತು. ಬಸ್ಸು ಬರುವವರೆಗೂ ಅವಳು ಆ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಯಾರೂ ಹೊರಗೆ ಬರಲಿಲ್ಲ. ಅಂದಿನಿಂದ ವಿಧವೆ ಊಟಕ್ಕೆ ಬಂದವರಿಗೆಲ್ಲ, ಅಮೆರಿಕದವರು ಸುಳ್ಳರು, ಅವರಿವರು ಹೇಳಿದ ಮಾತಲ್ಲ, ನಾನೇ ಮನೆಯಲ್ಲಿಟ್ಟುಕೊಂಡು ನೋಡಿದ್ದೇನೆ ಎಂದು ಹೇಳತೊಡಗಿದಳು.

ಶಿಷ್ಯ ಕೇಳಿದ: “ಜೀವ ಉಳಿಸಿದ್ದನ್ನು ಆ ವಿಧವೆ ಒಮ್ಮೆಯೂ ನೆನೆಯುವುದಿಲ್ಲವೇ?”

“ನೆನೆಯುತ್ತಾಳೆ. ಕೆನಡಾದವಳೊಬ್ಬಳು ಉಳಿಸಿದಳು ಎನ್ನುತ್ತಾಳೆ” ಎಂದರು ಗುರುಗಳು.