ಬಾಣನ ಮೂರು ಸುತ್ತು

"ಮದವೇರಿದ ಆನೆಯನ್ನೇ ಮಂಡಿಯೂರಿಸಿದವನು ನಾನು. ಇದು ಮೊಣಕಾಲೆತ್ತರದ ನಾಯಿ! ಮೂರೇ ದಿನ ಕೊಡಿ ಪ್ರಭು, ಬೆಕ್ಕಿನ ಮರಿ ಮಾಡಿ ತರ್ತೀನಿ" ಎಂದು ದಳವಾಯಿ ಕೆಂಚೇಗೌಡ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ನಾಯಿಯ ಹೆಸರು ಬಾಣ. ಕಲ್ಲುಹೊಳೆ ಕೋಟೆಯ ದೊರೆ ಚೆಲುವರಾಯನಿಗೆ ಅವನ ಬೀಗರು ಭರಮಣ್ಣ ನಾಯಕರು ಪ್ರೀತಿಯಿಂದ ಕಳಿಸಿದ ಬೇಟೆನಾಯಿ. ಉದ್ದ ಕಾಲು, ಸಣ್ಣ ಸೊಂಟ, ಒಂದು ಗಳಿಗೆಯೂ ಸುಮ್ಮನಿರದ ಬಾಲ. ಬಂದ ದಿನವೇ ರಾಣಿಯ ಮಲ್ಲಿಗೆ ಪಾತಿಯನ್ನು ಅಗೆದು ಬಾವಿ ಮಾಡಿತು. ಮರುದಿನ ಪುರೋಹಿತರ ಮಡಿಪಂಚೆ ಕಚ್ಚಿಕೊಂಡು ಪೇಟೆಬೀದಿ ಸುತ್ತಿತು. ಪುರೋಹಿತರು ಪಂಚೆಯಿಲ್ಲದೆ ಕೊಳದಲ್ಲೇ ಕುತ್ತಿಗೆವರೆಗೂ ನಿಂತು ಮಧ್ಯಾಹ್ನದವರೆಗೆ ಮಂತ್ರ ಹೇಳಿದರು.

ದಳವಾಯಿ ಬಾಣನನ್ನು ಸರಪಳಿ ಹಾಕಿ ಕಂಬಕ್ಕೆ ಕಟ್ಟಿದ. ಗದರಿದ, ಕೋಲು ತೋರಿಸಿದ. ಕಟ್ಟಿಹಾಕಿದಷ್ಟೂ ನಾಯಿಯ ಹುಚ್ಚಾಟ ಹೆಚ್ಚಿತು. ಮೂರನೆಯ ದಿನ ಕಂಬವನ್ನೇ ಕಿತ್ತು, ಅದನ್ನು ಎಳೆದುಕೊಂಡೇ ಸಭೆಯೊಳಗೆ ನುಗ್ಗಿತು. ಕಂಬ ತಗುಲಿ ನಾಲ್ವರು ಮಂತ್ರಿಗಳು ಒಬ್ಬರ ಮೇಲೊಬ್ಬರು ಬಿದ್ದರು.

"ಇದಕ್ಕೆ ತಲೆ ಕೆಟ್ಟಿದೆ ಪ್ರಭು. ಒಂದು ಈಟಿ ಸಾಕು, ಮುಗಿಸಿಬಿಡ್ತೀನಿ" ಎಂದ ದಳವಾಯಿ.

ರಾಯನ ಮುಖ ಬಾಡಿತು. ಬಾಣ ಅವನ ಪಾದ ನೆಕ್ಕುತ್ತಿತ್ತು. "ಇನ್ನು ಹದಿನೈದು ದಿನಕ್ಕೆ ಬೀಗರು ಬರ್ತಾರೆ. ನಾಯಿ ಎಲ್ಲಿ ಅಂದರೆ ಏನು ಹೇಳಲಿ? ಇದ್ದರೆ ಸಭೆ ಉಳಿಯಲ್ಲ, ಇಲ್ಲದಿದ್ದರೆ ನಂಟು ಉಳಿಯಲ್ಲ."

ಆಗ ಮೂಲೆಯಿಂದ ಒಬ್ಬ ಕೆಮ್ಮಿದ. ಅರಮನೆಯ ಓಲೆ ಬರೆಯುವ ಹಂಪಯ್ಯ. ಗುಂಡು ಹೊಟ್ಟೆ, ಮಂಡಿನೋವು, ನಾಲ್ಕು ಮೆಟ್ಟಿಲು ಹತ್ತಿದರೆ ಎರಡು ಸಲ ಕೂರುವ ಆಸಾಮಿ.

"ನಾಯಿಯನ್ನು ನನಗೆ ಕೊಡಿ ಪ್ರಭು. ಬೀಗರ ಮುಂದೆ ಅಲುಗಾಡದೆ ಕೂರಿಸ್ತೀನಿ."

ದಳವಾಯಿ ಹೊಟ್ಟೆ ಹಿಡಿದು ನಕ್ಕ. "ನಡೆಯೋಕೇ ಆಗದ ನೀನು ಇದರ ಹಿಂದೆ ಓಡ್ತೀಯೇನಯ್ಯಾ?"

"ನಾನ್ಯಾಕೆ ಓಡಲಿ ದಳವಾಯಿಗಳೇ?" ಎಂದ ಹಂಪಯ್ಯ ಮೆಲ್ಲಗೆ.

"ಆಗಲಿ. ಆದರೆ ಕೂರದಿದ್ದರೆ ನಾಯಿಯನ್ನು ದಳವಾಯಿಗೆ ಒಪ್ಪಿಸಬೇಕಾಗುತ್ತೆ" ಎಂದ ರಾಯ. ಹಂಪಯ್ಯ ಬಾಣನ ಕಿವಿ ಸವರಿ ಕರೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ಅವನು ಬಾಣನೊಂದಿಗೆ ಗರಡಿಮನೆಯ ಮುಂದೆ ಬಂದು ಕಲ್ಲಿನ ಮೇಲೆ ಕೂತ. ಒಳಗೆ ದಳವಾಯಿ ಜರಿ ರುಮಾಲು ಬಿಚ್ಚಿಟ್ಟು ದಂಡ ಹೊಡೆಯುತ್ತಿದ್ದ. ಹಂಪಯ್ಯ ಹಗ್ಗ ಬಿಟ್ಟ. ಚಂಗನೆ ಒಳಹೊಕ್ಕ ಬಾಣ ರುಮಾಲನ್ನು ಕಚ್ಚಿ ಹೊರಬಿತ್ತು. ಹತ್ತು ಮೊಳದ ಬಟ್ಟೆ ಬಾವುಟದಂತೆ ಹಾರಿತು.

"ಲೋ ಬಾಣ! ನಿಲ್ಲೋ!" ದಳವಾಯಿ ಬರಿತಲೆಯಲ್ಲೇ ಹಿಂದೆ ಓಡಿದ. ಸಿಪಾಯಿಗಳನ್ನು ಕರೆಯುವಂತಿಲ್ಲ, ಆನೆ ಪಳಗಿಸಿದವನ ರುಮಾಲು ನಾಯಿ ಬಾಯಲ್ಲಿ ಎಂದು ಊರೆಲ್ಲ ನಗುತ್ತದೆ. ರಾಯನಿಗೆ ದೂರುವಂತೆಯೂ ಇಲ್ಲ. ದಳವಾಯಿ ನಿಂತರೆ ಬಾಣನೂ ನಿಂತು ತಿರುಗಿ ನೋಡುತ್ತಿತ್ತು. ಹತ್ತಿರ ಬಂದರೆ ಮತ್ತೆ ಓಟ!

ಕೋಟೆಗೆ ಮೂರು ಸುತ್ತು ಆಯಿತು. ದಣಿದ ಬಾಣ ಹಂಪಯ್ಯನ ಬಳಿಗೆ ಬಂತು. ಅವನು ಸುಟ್ಟ ಮಾಂಸದ ಚೂರು ತೋರಿಸಿದ. ರುಮಾಲು ಕೆಳಗೆ ಬಿತ್ತು. "ಕೂತ್ಕೋ" ಎಂದ, ಮೆಲುದನಿಯಲ್ಲಿ. ಸುಸ್ತಾದ ನಾಯಿ ಕೂತಿತು. ಕೂತ ತಕ್ಷಣ ಇನ್ನೊಂದು ಚೂರು. ಆ ಹೊತ್ತಿಗೆ ಏದುಸಿರು ಬಿಡುತ್ತ ಬಂದ ದಳವಾಯಿಗೆ ಹಂಪಯ್ಯ ರುಮಾಲು ಒದ್ದೆಯಾಗಿದ್ದಕ್ಕೆ ಮರುಗಿ, ಮಜ್ಜಿಗೆ ಕೊಟ್ಟ.

ಮರುದಿನ ದಳವಾಯಿ ರುಮಾಲನ್ನು ಗೂಟಕ್ಕೆ ಸಿಕ್ಕಿಸಿದ. ಬಾಣ ಜಿಗಿದು ಕಿತ್ತಿತು. ಅದರ ಮರುದಿನ ತಲೆಗೇ ಬಿಗಿದುಕೊಂಡು ದಂಡ ಹೊಡೆದ. ಅವನು ಬಗ್ಗಿದಾಗ ಬಾಣ ಹಿಂದಿನಿಂದ ಬಂದು ಎಗರಿಸಿತು. ಮತ್ತೆ ಮೂರು ಸುತ್ತು, ಮತ್ತೆ "ಕೂತ್ಕೋ", ಮತ್ತೆ ಮಜ್ಜಿಗೆ. ಹತ್ತು ದಿನ ಕಳೆಯುವಷ್ಟರಲ್ಲಿ ದಳವಾಯಿಯ ಸೊಂಟಪಟ್ಟಿ ಸಡಿಲಾಗಿ ಜಾರತೊಡಗಿತು.

ಬೀಗರು ಬಂದರು. ಎರಡೂ ಕೈಯಿಂದ ತಮ್ಮ ಪೇಟವನ್ನು ಗಟ್ಟಿಯಾಗಿ ಹಿಡಿದುಕೊಂಡೇ ಸಭೆಯೊಳಗೆ ಕಾಲಿಟ್ಟರು. ಕಹಳೆ ಮೊಳಗಿತು, ನಗಾರಿ ಗುಡುಗಿತು. ರಾಯ ಓರೆಗಣ್ಣಿನಿಂದ ಬಾಣನನ್ನು ನೋಡಿದ.

"ಕೂತ್ಕೋ" ಎಂದ ಹಂಪಯ್ಯ.

ಬಾಣ ಕೂತಿತು. ಆಕಳಿಸಿ, ರಾಯನ ಪಾದದ ಮೇಲೆ ಗದ್ದ ಊರಿ ಕಣ್ಣು ಮುಚ್ಚಿತು.

ಬೀಗರು ಬೆರಗಾಗಿ ಪೇಟದಿಂದ ಕೈ ತೆಗೆದರು. "ಅಯ್ಯಯ್ಯೋ! ನಮ್ಮಲ್ಲಿ ಆರು ಆಳು ಹಿಡಿದರೂ ನಿಲ್ತಿರಲಿಲ್ಲ. ಅದಕ್ಕೇ ಅಲ್ಲವೇ ನಿಮಗೆ ಕಳಿಸಿ..." ಎಂದವರು ನಾಲಿಗೆ ಕಚ್ಚಿಕೊಂಡರು. ಸಭೆ ಗೊಳ್ಳೆಂದಿತು.

"ಇದರ ಗುಟ್ಟೇನು ಹಂಪಯ್ಯ?" ರಾಯ ಕೇಳಿದ.

"ಓಡೋಕೆ ಹುಟ್ಟಿದ ಜೀವ ಪ್ರಭು, ಕಟ್ಟಿಹಾಕಿದರೆ ಕೆರಳುತ್ತೆ. ದಿನಾ ಬೆಳಿಗ್ಗೆ ಕೋಟೆಗೆ ಮೂರು ಸುತ್ತು ಓಡಿಸಿದೆ. ಆಮೇಲೆ ಒಂದೇ ಮಾತು ಹೇಳಿದೆ, ಕೇಳಿದಾಗೆಲ್ಲ ಒಂದು ಚೂರು ಕೊಟ್ಟೆ."

ದಳವಾಯಿ ಧಡಕ್ಕನೆ ಎದ್ದ. "ಮೂರು ಸುತ್ತಾ! ಪ್ರಭು, ಇವನು ನಾಯಿಗೆ ನನ್ನ ರುಮಾಲು ಕದಿಯೋದನ್ನ ಕಲಿಸಿದಾನೆ!"

"ಛೆ ಛೆ, ಕದಿಯೋದು ಅದಕ್ಕೆ ಮೊದಲೇ ಬರ್ತಿತ್ತು. ನಾನು ಕಲಿಸಿದ್ದು ವಾಪಸು ಕೊಡೋದನ್ನ."

ರಾಯನಿಗೆ ಈಗ ಎಲ್ಲ ಹೊಳೆಯಿತು. ನಗು ತಡೆಯಲಾರದೆ ಸಿಂಹಾಸನದ ಕೈ ಹಿಡಿದುಕೊಂಡು, "ಹಂಪಯ್ಯ, ಏನು ಬೇಕೋ ಕೇಳು!" ಎಂದ.

"ಬೇರೇನೂ ಬೇಡ ಪ್ರಭು. ನಾಳೆಯಿಂದ ಈ ಓಟ ನಿಲ್ಲಬಾರದು, ಅಷ್ಟೇ ಅಪ್ಪಣೆಯಾಗಲಿ. ನಾಲ್ಕು ದಿನ ಬಿಟ್ಟರೆ ಪಾಠವೆಲ್ಲ ಮರೆತುಹೋಗುತ್ತೆ."

"ಆಗಲಿ. ಆದರೆ ಓಟಕ್ಕೆ ದಳವಾಯಿಗಳು ಒಪ್ಪಬೇಕಲ್ಲಯ್ಯ?"

ಹಂಪಯ್ಯ ಕೈ ಮುಗಿದ. "ನಾಯಿ ಒಪ್ಪಿದರೆ ಸಾಕು ಪ್ರಭು. ದಳವಾಯಿಗಳು ಆಗಲೇ ಪಳಗಿದಾರೆ."